ಹನ್ನೆರಡು ಮಾರು ಹಗ್ಗ

ನಿವೃತ್ತಿಯಾದ ಮೇಲೆ ನನಗೆ ಬರುವ ಫೋನುಗಳು ಮೂರೇ ಬಗೆಯವು. ಸೈಟು ಬೇಕಾ ಎಂದು ಕೇಳುವವರದು, ಗ್ಯಾಸ್ ಸಿಲಿಂಡರ್ ತರುವವನದು, ಮತ್ತೆ ಯಾವುದೋ ಕಾಲೇಜಿನವರು ಜಲ ದಿನಾಚರಣೆಗೆ ಬಂದು ಎರಡು ಮಾತಾಡಿ ಎಂದು ಕರೆಯುವುದು. ಈ ಮೂರನೆಯದು ಮಾರ್ಚಿ ತಿಂಗಳಲ್ಲಿ ಮಾತ್ರ. ಉಳಿದ ಹನ್ನೊಂದು ತಿಂಗಳು ಅವರಿಗೆ ನೀರಿನ ನೆನಪೂ ಆಗುವುದಿಲ್ಲ, ನನ್ನ ನೆನಪೂ ಆಗುವುದಿಲ್ಲ. ಹಾಗಾಗಿ ಹೋದ ವರ್ಷ ಆಗಸ್ಟಿನ ಒಂದು ಮಧ್ಯಾಹ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಹೆಸರು ಫೋನಿನಲ್ಲಿ ಕಂಡಾಗ ಎರಡನೇ ರಿಂಗಿಗೇ ಎತ್ತಿದೆ. ಅಷ್ಟು ಆತುರ ಪಟ್ಟಿದ್ದಕ್ಕೆ ಆಮೇಲೆ ನನಗೇ ನಾಚಿಕೆಯಾಯಿತು.

ಅವಳು ಈಗ ದೂರದ ಊರಿನಲ್ಲಿ ಸಂಶೋಧಕಿ. ಮಾತು ಕಡಿಮೆ, ಕಣ್ಣು ಚುರುಕು. ತರಗತಿಯಲ್ಲಿ ನಾನು ಬೋರ್ಡಿನ ಮೇಲೆ ತಪ್ಪು ಬರೆದರೆ ಕೈಯೆತ್ತುತ್ತಿದ್ದವಳು ಅವಳೊಬ್ಬಳೇ. ಕೆಲಸ ಬಿಡುವಾಗ ನನ್ನ ಹತ್ತಿರವಿದ್ದ ಬಾವಿಯ ನೀರಿನ ಅಳತೆಯ ಪುಟಗಳ ಫೋಟೋಗಳನ್ನೆಲ್ಲ ಅವಳಿಗೇ ಕಳಿಸಿದ್ದೆ. ಬೇರೆ ಯಾರಿಗೆ ಕೊಡಲಿ?

"ಮೇಡಂ, ಒಂದು ಸಣ್ಣ ಡೌಟು," ಎಂದಳು. "ನಿಮ್ಮ ಬಾವಿಯ ನೀರು ಒಂದೇ ವಾರದಲ್ಲಿ ಏಳು ಅಡಿ ಮೇಲಕ್ಕೆ ಬಂದಿದೆ. ಕೆರೆ ಹೂಳು ತೆಗೆದ ವರ್ಷ. ಆದರೆ ಅದು ಯುಗಾದಿ ಕಳೆದ ವಾರ. ಆಗಿನ್ನೂ ಮಳೆಯೇ ಬಂದಿಲ್ಲ. ಕೆರೆ ಒಣಗಿತ್ತು, ಒಳಗೆ ಜೆಸಿಬಿ ಓಡಾಡುತ್ತಿತ್ತು. ನೀರು ಎಲ್ಲಿಂದ ಬಂತು?"

ನೋಡಿ ಹೇಳುತ್ತೇನೆ ಎಂದು ಫೋನಿಟ್ಟೆ. ಅಡುಗೆಮನೆಗೆ ಹೋಗಿ ಒಂದು ಲೋಟ ನೀರು ಕುಡಿದೆ.

ನನ್ನನ್ನು ಈ ಲೋಕದಲ್ಲಿ ನಾಲ್ಕು ಜನ ಬಲ್ಲರೆಂದರೆ ಅದು ಒಂದೇ ಒಂದು ಪ್ರಬಂಧದಿಂದ. ಕೆರೆಯ ಹೂಳು ತೆಗೆದರೆ ಏರಿಯ ಕೆಳಗಿನ ಬಾವಿಗಳಲ್ಲಿ ನೀರು ಏರುತ್ತದೆ ಎಂಬುದನ್ನು ವಾರವಾರದ ಅಳತೆಯಿಂದ ತೋರಿಸಿದ ಪ್ರಬಂಧ. ಅಧಿಕಾರಿಗಳು ಅದನ್ನು ಹಿಡಿದು ಸಭೆಗಳಲ್ಲಿ ಮಾತಾಡಿದರು, ಪೇಪರಿನಲ್ಲಿ ನನ್ನ ಫೋಟೋ ಬಂತು. ಅದರ ಬೆನ್ನುಮೂಳೆ ಆ ಒಂದು ಬಾವಿ. ಸುತ್ತಲಿನ ಉಳಿದ ಬಾವಿಗಳೆಲ್ಲ ಅಷ್ಟರಲ್ಲಿ ಬತ್ತಿ, ಮುಳ್ಳುಕಂಟಿ ತುಂಬಿಕೊಂಡು, ಅಳೆಯಲು ಏನೂ ಇಲ್ಲದಂತಾಗಿದ್ದವು. ಆ ಬಾವಿಯಲ್ಲಿ ನೀರು ಏರಲಿಲ್ಲ ಎಂದಾದರೆ ನಾನು ಮೂವತ್ತು ವರ್ಷ ಮಾಡಿದ್ದರಲ್ಲಿ ಯಾರಾದರೂ ನೆನೆಯುವಂಥದ್ದು ಏನೂ ಉಳಿಯುವುದಿಲ್ಲ.

ನೀರಿನ ಹುಚ್ಚು ನನಗೆ ಹತ್ತಿದ್ದು ಚಿನ್ನದ ಗಣಿಯ ಊರಾದ ಊರಿಗಾಂನಲ್ಲಿ. ಅಪ್ಪ ಕಾಮಸಮುದ್ರದ ಕಡೆಯ ಹಳ್ಳಿಯಿಂದ ಗಣಿಗೆ ಬಂದು ಪಂಪಿನ ಕೆಲಸಕ್ಕೆ ಸೇರಿದವರು. ನೆಲದೊಳಗೆ ಬಂಡೆಯ ಸಂದಿನಿಂದ ಹಗಲಿರುಳು ಒಸರುವ ನೀರನ್ನು ಮೇಲಕ್ಕೆ ತಳ್ಳಿ ಹೊರಹಾಕುವುದು ಅವರ ಕೆಲಸ. ಅಮ್ಮನದು ಮೇಲೆ, ಗಣಿ ಕೆಲಸಗಾರರ ಮನೆಗಳ ಲೈನಿನ ನಲ್ಲಿಯ ಮುಂದೆ, ಬಿಂದಿಗೆ ಸಾಲಿಗಿಟ್ಟು ಕಾಯುವ ಕೆಲಸ. ಬೇತಮಂಗಲದ ಕೆರೆಯಿಂದ ಪೈಪಿನಲ್ಲಿ ನೀರು ಬರಬೇಕು. ಬಂದರೆ ಮೊದಲು ಕಂಡ ಹೆಂಗಸು "ತಣ್ಣಿ ವಂದಿಡ್ಚು!" ಎಂದು ತಮಿಳಿನಲ್ಲಿ ಕೂಗುತ್ತಿದ್ದಳು, ಇಡೀ ಲೈನು ಎದ್ದು ಓಡುತ್ತಿತ್ತು. ಅಪ್ಪ ಬೇಡವೆಂದು ಹೊರಚೆಲ್ಲುವ ನೀರನ್ನೇ ಅಮ್ಮನಿಗೆ ತಂದುಕೊಡಬಾರದೇಕೆ ಎಂದು ನಾನು ಕೇಳಿದ್ದಕ್ಕೆ ಅಪ್ಪ, "ಅದು ಕುಡಿಯೋ ನೀರಲ್ಲ ಮಗಾ, ಅದಕ್ಕೆ ಬೇರೆ ಬುದ್ಧಿ," ಎಂದಿದ್ದರು. ನೀರಿಗೆ ಎಂಥ ಬುದ್ಧಿ ಎಂದು ತಿಳಿಯಲು ನಾನು ಭೂಗರ್ಭಶಾಸ್ತ್ರ ಓದಿದೆ, ಪಿಎಚ್.ಡಿ. ಮಾಡಿದೆ, ಪಾಠ ಹೇಳಿದೆ.

ಗಣಿ ಮುಚ್ಚಿದ ಮೇಲೆ ಪಂಪುಗಳು ನಿಂತವು, ಸುರಂಗಗಳಲ್ಲಿ ನೀರು ತುಂಬಿಕೊಂಡಿತು. ಅಪ್ಪನಿಗೆ ಅದೊಂದು ಸೋಲಿನಂತೆ ಅನ್ನಿಸಿರಬೇಕು. ಮಾತು ಕಡಿಮೆಯಾಯಿತು. ಅವರು ಹೋದ ಎರಡು ವರ್ಷಕ್ಕೆ ಅಮ್ಮನೂ ಹೋದರು. ನಾನು ಲೈನಿನ ಮನೆ ಬಿಟ್ಟು ಬಂಗಾರಪೇಟೆಯಲ್ಲಿ ಸ್ಟೇಷನ್ನಿಗೆ ಹತ್ತಿರ ಒಂದು ಮನೆ ಹಿಡಿದೆ. ಬೆಳಗಿನ ರೈಲಿಗೆ ಬೆಂಗಳೂರು, ಸಂಜೆಯ ರೈಲಿಗೆ ವಾಪಸು. ಬಂಗಾರಪೇಟೆ ಎಂದರೆ ಜನಕ್ಕೆ ನೆನಪಾಗುವುದು ಪಾನಿಪೂರಿ, ಅದರಲ್ಲೂ ಬಣ್ಣವಿಲ್ಲದ ಅದರ ತಿಳಿನೀರು. ನೀರಿನ ಮೇಡಂ ಪಾನಿ ಊರಿನಲ್ಲೇ ಮನೆ ಮಾಡಿದ್ದಾರೆ ಎಂದು ಸಹೋದ್ಯೋಗಿಗಳು ಛೇಡಿಸುತ್ತಿದ್ದರು. ಮದುವೆ ಯಾಕೆ ಆಗಲಿಲ್ಲ ಎನ್ನುವುದಕ್ಕೆ ದೊಡ್ಡ ಕತೆಯೇನಿಲ್ಲ. ಆಗಲಿಲ್ಲ, ಅಷ್ಟೆ. ಸಂಜೆ ಬಾಗಿಲ ಬೀಗ ತೆಗೆಯುವಾಗ ಒಳಗೆ ಯಾರೂ ಇಲ್ಲ ಎಂಬುದು ಮೊದಲ ಹತ್ತು ವರ್ಷ ಸ್ವಾತಂತ್ರ್ಯದಂತಿತ್ತು. ಆಮೇಲೆ ಹಾಗಿರಲಿಲ್ಲ.

ಆ ಬಾವಿ ನನಗೆ ಸಿಕ್ಕಿದ್ದು ಪಿಎಚ್.ಡಿ. ಕಾಲದಲ್ಲಿ. ಕಾಮಸಮುದ್ರದಿಂದ ಮುಂದೆ, ಆಂಧ್ರದ ಗಡಿ ಕಣ್ಣಿಗೆ ಕಾಣುವಷ್ಟು ಹತ್ತಿರದ ಹಳ್ಳಿ. ಕೆರೆಯ ಏರಿಯ ಕೆಳಗೆ ಕಲ್ಲು ಕಟ್ಟಿದ ಹಳೆಯ ಬಾವಿ. ಬಾವಿಯ ಒಡತಿ ಗಂಡನನ್ನು ಕಳೆದುಕೊಂಡ ಹೆಂಗಸು, ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಎತ್ತರದಲ್ಲಿ ಮಾತ್ರ ನನ್ನ ಭುಜಕ್ಕೆ ಬರುತ್ತಿದ್ದರು. ನಾನು ಅಕ್ಕ ಎನ್ನುತ್ತಿದ್ದೆ, ಅವರು ಮೇಡಮ್ಮ ಎನ್ನುತ್ತಿದ್ದರು. ವಾರಕ್ಕೊಮ್ಮೆ, ಗುರುವಾರ, ನೀರು ಎಷ್ಟು ಆಳದಲ್ಲಿದೆ ಎಂದು ಅಳೆದು ಬರೆದಿಡಬೇಕೆಂದು ಕೇಳಿಕೊಂಡಾಗ ಅವರು ನಕ್ಕುಬಿಟ್ಟರು.

"ಅದೇನು ಜ್ವರ ಬಂದಿರೋ ಮಗೀನಾ, ವಾರವಾರ ನೋಡೋಕೆ?"

ಆದರೂ ಒಪ್ಪಿದರು. ನಾನು ಒಂದು ಸ್ಟೀಲಿನ ಅಳತೆ ಟೇಪು ತಂದುಕೊಟ್ಟೆ. ಮುಂದಿನ ತಿಂಗಳು ಹೋದಾಗ ಅದು ಹಳೆಯ ಬಟ್ಟೆಯಲ್ಲಿ ಸುತ್ತಿಸಿಕೊಂಡು ಟ್ರಂಕಿನೊಳಗೆ ಧಾರೆ ಸೀರೆಯ ಪಕ್ಕದಲ್ಲಿ ಮಲಗಿತ್ತು. "ಇಷ್ಟು ಚೆಂದದ್ದನ್ನ ಬಾವಿಗೆ ಬಿಡೋದಾ? ತುಕ್ಕು ಇಡಿಯಲ್ವಾ?" ಎಂದರು. ಅಳತೆಯನ್ನು ಮಾತ್ರ ಒಂದು ವಾರವೂ ತಪ್ಪಿಸಿರಲಿಲ್ಲ. ಸೇದುವ ಹಗ್ಗದ ತುದಿಗೆ ಕೆಟ್ಟುಹೋದ ಹಿತ್ತಾಳೆ ಬೀಗ ಕಟ್ಟಿ ಇಳಿಬಿಡುವುದು, ಬೀಗ ನೀರಿಗೆ ತಾಗಿದ ಸದ್ದು ಕೇಳಿದ ಕೂಡಲೇ ಬಾವಿಕಟ್ಟೆಯ ಮಟ್ಟದಲ್ಲಿ ಹಗ್ಗವನ್ನು ಬೆರಳಲ್ಲಿ ಹಿಡಿದುಕೊಳ್ಳುವುದು, ಮೇಲೆಳೆದು ಎರಡು ಕೈ ಚಾಚಿ ಮಾರು ಹಾಕುವುದು. ಚಾಚಿದ ಕೈಗಳ ಈ ತುದಿಯಿಂದ ಆ ತುದಿಗೆ ಒಂದು ಮಾರು. ಅವರ ಕಡೆ ಹಗ್ಗವನ್ನು, ಬಾವಿಯನ್ನು ಎಲ್ಲರೂ ಹಾಗೆಯೇ ಅಳೆಯುವುದು.

ನನ್ನ ಬುದ್ಧಿವಂತಿಕೆಗೆ ಅವತ್ತು ಕೋಡು ಮೂಡಿತು. ಟೇಪು ಬೇಡವೆಂದರೆ ಬೇಡ, ಅವರ ಮಾರನ್ನೇ ಅಳೆದುಕೊಂಡರಾಯಿತಲ್ಲ! ಅಂಗಳದಲ್ಲಿ ನಿಲ್ಲಿಸಿ ಕೈ ಚಾಚಿಸಿ ಟೇಪು ಹಿಡಿದೆ. ನಾಲ್ಕು ಅಡಿ ಎಂಟು ಇಂಚು. ಅವರು ಮೈ ಕುಲುಕಿ ನಗುತ್ತ, "ಏನು ಮೇಡಮ್ಮ, ರವಿಕೆ ಒಲಿಸಿ ಕೊಡ್ತೀರಾ?" ಎಂದರು. ಪುಸ್ತಕದ ಮೊದಲ ಪುಟದಲ್ಲಿ ನನ್ನ ಕೈಬರಹದಲ್ಲೇ ಬರೆದೆ: ಒಂದು ಮಾರು ಎಂದರೆ ಇಷ್ಟು. ಅವರಿಗೆ ಓದು ಬರಹ ಬಾರದು. ಮೊದಲು ಮಗ ಬರೆಯುತ್ತಿದ್ದ, ಅವನ ಮದುವೆಯಾದ ಮೇಲೆ ಸೊಸೆ ಬರೆಯತೊಡಗಿದಳು. ಅತ್ತೆ ಅಳೆಯುವುದು, ಸೊಸೆ ಬರೆಯುವುದು. ಸ್ಥಳೀಯ ಅಳತೆಯನ್ನು ವಿಜ್ಞಾನಕ್ಕೆ ಒಗ್ಗಿಸಿದ ಬಗೆ ಎಂದು ನನ್ನ ಮಹಾಪ್ರಬಂಧದಲ್ಲಿ ಅದಕ್ಕೊಂದು ಅಧ್ಯಾಯವನ್ನೇ ಮೀಸಲಿಟ್ಟೆ. ಪರೀಕ್ಷಕರು ಬೆನ್ನು ತಟ್ಟಿದರು.

ಎಷ್ಟೋ ವರ್ಷ ತಪ್ಪದೆ ಹೋದೆ, ವರ್ಷಕ್ಕೆ ನಾಲ್ಕೈದು ಸಲ. ಮುದ್ದೆ, ಉಪ್ಸಾರು ಉಂಡೆ. ಅಕ್ಕ ನನ್ನ ತಲೆಗೆ ಹರಳೆಣ್ಣೆ ತಟ್ಟಿದ್ದೂ ಉಂಟು. ಆದರೆ ಹೋದಾಗಲೆಲ್ಲ ಒಂದು ಪ್ರಶ್ನೆ ಕೇಳುತ್ತಿದ್ದರು. "ಮನೇಲಿ ಯಾರವ್ರೆ ಮೇಡಮ್ಮ?" ಕೆಟ್ಟ ಮನಸ್ಸಿನಿಂದಲ್ಲ. ಯಾರೂ ಇಲ್ಲ ಅಕ್ಕ ಎಂದರೆ, ಮುಂದಿನ ಸಲಕ್ಕೆ ಯಾರಾದರೂ ಬಂದಿರಬಹುದು ಎಂಬ ಆಸೆಯಿಂದ ಮತ್ತೆ ಕೇಳುತ್ತಿದ್ದರು. ಒಂದು ಸಲ ಹತ್ತು ವಿದ್ಯಾರ್ಥಿಗಳ ಎದುರಿಗೆ ಕೇಳಿದರು. ನಾನು ಸಿಡುಕಿ, "ಬಾವಿಯ ವಿಷಯ ಮಾತಾಡಿ ಅಕ್ಕ," ಎಂದೆ. ಅವರು ಮತ್ತೆ ಕೇಳಲಿಲ್ಲ. ನಾನೂ ಹೋಗುವುದನ್ನು ಕಡಿಮೆ ಮಾಡಿದೆ. ವಿಭಾಗದ ಮುಖ್ಯಸ್ಥೆಯಾದೆ, ಮೀಟಿಂಗುಗಳು ಹೆಚ್ಚಾದವು, ಸೊಸೆಯ ಕೈಗೆ ಸ್ಮಾರ್ಟ್‌ಫೋನ್ ಬಂತು. ತಿಂಗಳಿಗೊಮ್ಮೆ ಪುಸ್ತಕದ ಪುಟ ಫೋಟೋ ಆಗಿ ನನ್ನ ಫೋನಿಗೆ ಬಂದು ಬೀಳತೊಡಗಿತು. ಹೋಗಲೇಬೇಕೆಂಬ ಕಾರಣ ಉಳಿಯಲಿಲ್ಲ.

ಕೆರೆಯ ಹೂಳು ತೆಗೆದದ್ದು ಆ ಸಮಯದಲ್ಲಿ. ಆ ವರ್ಷ ಮಳೆಯೂ ಚೆನ್ನಾಗಿ ಬಂತು. ತುಂಬಿದ ಕೆರೆಗೆ ಬಾಗಿನ ಬಿಡಲು ದೊಡ್ಡವರು ಬಂದಾಗ ನನ್ನನ್ನೂ ಜೀಪಿನಲ್ಲಿ ಕರೆದುಕೊಂಡು ಹೋದರು. ಜೀಪು ಅಕ್ಕನ ಮನೆಯ ತಿರುವಿನಲ್ಲೇ ಹಾದುಹೋಯಿತು. ನಿಲ್ಲಿಸಿ ಎನ್ನಬಹುದಿತ್ತು. ಎಲ್ಲರಿಗೂ ಊಟಕ್ಕೆ ತಡವಾಗುತ್ತಿತ್ತು, ನಾನು ಸುಮ್ಮನಿದ್ದೆ. ವರ್ಷ ಕಳೆದ ಮೇಲೆ ಬಾವಿಯ ಹಿಂದಿನ ವರ್ಷದ ಸರಾಸರಿಯನ್ನೂ ಮುಂದಿನ ವರ್ಷದ ಸರಾಸರಿಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದೆ. ನೀರು ಏರಿತ್ತು. ಎಷ್ಟು ಚೆನ್ನಾಗಿ ಏರಿತ್ತೆಂದರೆ, ಕುರ್ಚಿಯಿಂದ ಎದ್ದು ಕೋಣೆಯಲ್ಲೇ ಎರಡು ಸುತ್ತು ಹಾಕಿದೆ. ಹೇಳಿಕೊಳ್ಳಲು ಮನೆಯಲ್ಲಿ ಯಾರೂ ಇರಲಿಲ್ಲ.

ಸರಾಸರಿ ಎಂಬುದು ಹರಿದ ಚಾಪೆಯ ಮೇಲೆ ಹಾಸಿದ ದುಪ್ಪಟಿಯ ಹಾಗೆ. ಹರಿದದ್ದು ಎಲ್ಲಿ ಎಂದು ಕಾಣುವುದಿಲ್ಲ. ಅವಳ ಫೋನ್ ಬಂದ ಮಧ್ಯಾಹ್ನ ನಾನು ದುಪ್ಪಟಿ ಸರಿಸಿ ವಾರವಾರದ ಅಂಕಿ ನೋಡಿದೆ. ಯುಗಾದಿಯ ಹಿಂದಿನ ಗುರುವಾರ ಹನ್ನೆರಡು ಮಾರು. ಯುಗಾದಿ ಕಳೆದ ಗುರುವಾರ ಹತ್ತೂವರೆ ಮಾರು. ಅದೇ ಸೊಸೆಯ ಅದೇ ದುಂಡಗಿನ ಅಕ್ಷರ, ಅದೇ ನೀಲಿ ಪೆನ್ನು. ಅಲ್ಲಿಂದ ಮುಂದೆ ಹನ್ನೆರಡು ಮತ್ತೆ ಬಂದೇ ಇಲ್ಲ.

ನಾಲ್ಕು ದಿನ ಏನೂ ಆಗದವಳಂತೆ ಇದ್ದೆ. ಗಿಡಗಳಿಗೆ ನೀರು ಹಾಕಿದೆ, ಮಾರ್ಕೆಟ್ಟಿಗೆ ಹೋಗಿ ಬೇಡದ ತರಕಾರಿ ತಂದೆ. ಫೋನು ಬದಿಗಿಟ್ಟರೂ ಆ ಹತ್ತೂವರೆ ಮಾರು ಕಣ್ಣ ಮುಂದೆ ನಿಲ್ಲುತ್ತಿತ್ತು. ಅಳೆದೂ ಸುರಿದೂ ಐದನೆಯ ದಿನ ಕಾಮಸಮುದ್ರದ ಬಸ್ಸು ಹತ್ತಿದೆ.

ಎಂಟು ವರ್ಷದ ಮೇಲೆ ಹೋಗುತ್ತಿದ್ದೆ. ದಾರಿಯುದ್ದಕ್ಕೂ ನೀಲಗಿರಿ ತೋಪುಗಳು ಹಾಗೆಯೇ ಇದ್ದವು, ಟೊಮೆಟೊ ಹೊಲಗಳಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿದ್ದು ಹೊಸದು. ಬಸ್ಸಿಳಿದು ಒಂದು ಆಟೋ ಹಿಡಿದು ಅಕ್ಕನ ಮನೆಗೆ ಬಂದೆ. ಸೊಸೆ ಕೊಟ್ಟಿಗೆಯ ಹತ್ತಿರ ಸಗಣಿ ಬಾಚುತ್ತಿದ್ದವಳು ನನ್ನನ್ನು ನೋಡಿ ಪುಟ್ಟಿ ಕೆಳಗಿಟ್ಟಳು. ಅವಳ ತವರು ಗಡಿಯ ಆಚೆ, ಗಾಬರಿಯಾದರೂ ಖುಷಿಯಾದರೂ ತೆಲುಗೇ ಮೊದಲು ಬರುವುದು.

"ಅತ್ತಾ, ಎವರು ವಚ್ಚಾರೋ ಚೂಡು!" ಎಂದು ಒಳಕ್ಕೆ ಕೂಗಿ, ಯಾರು ಬಂದಿದ್ದಾರೆ ನೋಡೆಂದು ಅತ್ತೆಯನ್ನು ಕರೆದು, ನನ್ನ ಕಡೆ ತಿರುಗಿದಳು. "ಬರ್ರಿ ಮೇಡಮ್ಮ, ಏನು ಇಷ್ಟು ವರ್ಷ ಆದ್ಮ್ಯಾಕೆ!"

ಅಕ್ಕ ಹೊರಬಂದು ಜಗಲಿಯ ಮೇಲೆ ಕೂತರು. ಇನ್ನೂ ಪುಟ್ಟದಾಗಿದ್ದರು. ಒಂದೇ ಕೈ ಎತ್ತಿ ನನಗೆ ನಮಸ್ಕಾರ ಮಾಡಿದರು, ಇನ್ನೊಂದು ಮಡಿಲಲ್ಲೇ ಇತ್ತು. ವಯಸ್ಸಾಯಿತಲ್ಲ ಎಂದುಕೊಂಡೆ. ಕುಶಲ ವಿಚಾರಿಸಿದ ಶಾಸ್ತ್ರ ಮಾಡಿ, ಅವತ್ತು ಗುರುವಾರ ಅಲ್ಲದಿದ್ದರೂ, ಬಾವಿಯ ನೀರು ಒಮ್ಮೆ ಅಳೆದು ತೋರಿಸಿ ಎಂದು ಕೇಳಿದೆ. ಅಕ್ಕ ಏಳಲಿಲ್ಲ. ಸೊಸೆ ಕೈ ತೊಳೆದುಕೊಂಡು ಹಗ್ಗ ತೆಗೆದುಕೊಂಡಳು.

ಬೀಗ ಇಳಿಯಿತು. ತಾಗಿದ ಸದ್ದು ಬಂತು. ಅವಳು ಅಚ್ಚುಕಟ್ಟಾಗಿ ಬೆರಳಲ್ಲಿ ಹಗ್ಗ ಹಿಡಿದು, ಮೇಲೆಳೆದು, ಮಾರು ಹಾಕಲು ಎರಡು ಕೈ ಚಾಚಿದಳು. ಅವಳು ಎತ್ತರದ ಹೆಂಗಸು. ಈ ಮಾತು ನನಗೆ ಹೊಸದಲ್ಲ, ಅವಳು ಮದುವೆಯಾಗಿ ಬಂದ ವರ್ಷವೇ ಸೊಸೆ ಬಾಗಿಲಿಗೆ ತಲೆ ತಾಗಿಸಿಕೊಳ್ಳುತ್ತಾಳೆ ಎಂದು ಅಕ್ಕ ನಗಾಡಿದ್ದರು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಅತ್ತೆಗೊಂದು ಮಾರು, ಸೊಸೆಗೊಂದು ಮಾರು ಎಂದು ಅಷ್ಟು ಓದಿದ ನನ್ನ ತಲೆಗೆ ಹೊಳೆದಿರಲಿಲ್ಲ.

ಟ್ರಂಕಿನಿಂದ ಟೇಪು ತರಿಸಿದೆ. ಬಟ್ಟೆ ಬಿಚ್ಚಿದರೆ ಇನ್ನೂ ಹೊಳೆಯುತ್ತಿತ್ತು. ಅವಳ ಮಾರು ಐದು ಅಡಿ ನಾಲ್ಕು ಇಂಚು. ಹನ್ನೆರಡನ್ನು ಅತ್ತೆಯ ಮಾರಿನಿಂದ ಗುಣಿಸಿದರೂ, ಹತ್ತೂವರೆಯನ್ನು ಸೊಸೆಯ ಮಾರಿನಿಂದ ಗುಣಿಸಿದರೂ ಬರುವುದು ಒಂದೇ, ಐವತ್ತಾರು ಅಡಿ. ನೀರು ಒಂದು ಇಂಚೂ ಅಲುಗಾಡಿರಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕಿರಲಿಲ್ಲ. ನಾನು ಬಾವಿಕಟ್ಟೆಯ ಮೇಲೆ ಕೂತುಬಿಟ್ಟೆ.

"ಯಾವಾಗಿನಿಂದ ನೀನು ಅಳೀತಿದ್ದೀಯಮ್ಮ?"

"ನಮ್ಮತ್ತ ಬಿದ್ದಾಗ್ಲಿಂದ."

"ಎಲ್ಲಿ ಬಿದ್ದರು?"

"ಇಲ್ಲೇ. ಉಗಾದಿ ಆದ ವಾರ ನಿಮ್ಮ ಅಳತೆ ತಗಿಯೋಕಂತ ಬಂದು, ಈ ಕಲ್ಲ ಮ್ಯಾಲೆ ಕಾಲು ಜಾರ್ತು. ಬುಜ ಮುರೀತು. ನಾಟಿ ಕಟ್ಟು ಆಕ್ಸಿದ್ವಿ. ಕೂಡ್ಕಂತು, ಆದ್ರೆ ಕೈ ಎದೆಯಿಂದ ಮ್ಯಾಕೆ ಏಳಲ್ಲ." ಅವಳು ಹಗ್ಗ ಸುತ್ತುತ್ತಲೇ ಹೇಳಿದಳು. "ಅವತ್ತೇ ಸಾಯಂಕಾಲ ನಂಗೆ, ಓಗಿ ಅಳ್ದು ಬಾ, ಗುರುವಾರ ತಪ್ಪಬಾರ್ದು ಅಂದ್ರು."

"ನನಗೆ ಒಂದು ಮಾತು ಹೇಳಬಾರದಾ?"

"ಅತ್ತ ಬ್ಯಾಡ ಅಂದ್ರು."

"ಅಳೆಯೋರು ಬದಲಾದರು ಅಂತಲಾದರೂ ಪುಸ್ತಕದಲ್ಲಿ ಬರೆಯಬಾರದಾ?" ನನ್ನ ದನಿ ಏರಿತು. ಪಾಪದವರ ಮೇಲೆ ರೇಗುವುದು ನನ್ನ ಹಳೆಯ ಚಾಳಿ.

ಅವಳು ನನ್ನನ್ನೇ ನೋಡಿದಳು. "ಯಾಕೆ ಮೇಡಮ್ಮ? ಮಾರು ಅಂದ್ರೆ ಮಾರೇ ಅಲ್ವಾ? ನಮ್ಮೂರಾಗೆ ಯಾರು ಆಕಿದ್ರೂ ಮಾರೇ. ನಾನೇನು ಸುಳ್ಳು ಬರ್ದಿಲ್ಲ. ಎಂಟು ವರ್ಷದಾಗೆ ಒಂದು ಗುರುವಾರ ಬಿಟ್ಟಿಲ್ಲ."

ನಿಜವೇ. ಅವಳು ಸುಳ್ಳು ಬರೆದಿರಲಿಲ್ಲ. ಮೊದಲ ಪುಟದಲ್ಲಿ ಒಂದು ಮಾರು ಎಂದರೆ ಇಷ್ಟು ಎಂದು ಬರೆದು, ಅದು ಯಾರ ಮಾರು ಎಂದು ಬರೆಯದೆ ಬಿಟ್ಟವಳು ನಾನು. ನಾನೇ ಬಂದು ಒಂದು ಸಲ ನೋಡಿದ್ದರೆ ಅರ್ಧ ಗಳಿಗೆಯಲ್ಲಿ ತಿಳಿಯುತ್ತಿತ್ತು.

ಜಗಲಿಗೆ ಬಂದು ಅಕ್ಕನ ಪಕ್ಕದಲ್ಲಿ ಕೂತೆ. ಹೂಳು ತೆಗೆದ ವರ್ಷ ಬಾವಿಯಲ್ಲಿ ಏಳು ಅಡಿ ನೀರು ಏರಿತೆಂದು ನಾನು ಬರೆದಿದ್ದೆ, ನಿಜವಾಗಿ ಏರಿತ್ತಾ ಎಂದು ಕೇಳಿದೆ. ಆ ಪ್ರಶ್ನೆಯನ್ನು ನಾನು ಅವರಿಗೆ ಕೇಳಿದ್ದು ಅದೇ ಮೊದಲು.

"ಏಳಡಿನಾ? ಅಯ್ಯೋ, ಎಲ್ಲಿ ಏರ್ತು?" ಎಂದರು. "ಬಗ್ಗಿ ನೋಡಿದ್ರೆ ಕಾಣಲ್ವಾ, ಅದೇ ಮೆಟ್ಲು, ಅದೇ ನೀರು. ಮಳೆಗಾಲದಾಗೆ ಒಂದು ಮೆಟ್ಲು ಮುಳುಗ್ತು, ಸಿವರಾತ್ರಿಗೆ ತೇಲ್ತು. ಊರಾಗೆಲ್ಲಾ ಮೇಡಮ್ಮ ಪೇಪರ್‌ನಾಗೆ ಬರ್ದವ್ರೆ, ನಿಮ್ಮ ಬಾವೀಲಿ ನೀರು ಏರೈತೆ ಅಂತಿದ್ರು. ಓದಿದೋರು ಏಳ್ತಾವ್ರಲ್ಲ, ನಂಗೇ ಕಣ್ಣು ಕಾಣಲ್ವೇನೋ ಅಂತ ಇನ್ನೊಂದು ಸಲ ಓಗಿ ಬಗ್ಗಿ ನೋಡ್ದೆ."

"ಯಾರಿಗೂ ಹೇಳಲಿಲ್ವಾ ಅಕ್ಕ?"

"ಯಾರು ಕೇಳಿದ್ರು?"

ಕೈ ಮುರಿದದ್ದನ್ನು ಯಾಕೆ ಮುಚ್ಚಿಟ್ಟಿರಿ ಎಂದೂ ಕೇಳಿದೆ. ಅವರು ಸೊಸೆಯನ್ನು ಕರೆದು ಮುದ್ದೆಗೆ ನೀರಿಡು ಎಂದರು. ನಾನು ಉಣ್ಣದೆ ಎದ್ದು ಬಂದೆ. ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತು ಬಂಗಾರಪೇಟೆ ಬರುವವರೆಗೂ ಅಳುತ್ತಲೇ ಇದ್ದೆ. ಪ್ರಬಂಧಕ್ಕಾಗಿ ಅತ್ತೆನೋ, ಆ ಕೈಗಾಗಿ ಅತ್ತೆನೋ, ಬಿಡಿಸಿ ಹೇಳಲಾರೆ. ನನ್ನ ಹೆಸರು ಪೇಪರಿಗೆ ಬರಲು ಒಬ್ಬರ ಭುಜ ಮುರಿಯಬೇಕಾಯಿತು, ಅದೂ ನನ್ನ ಕೆಲಸಕ್ಕೆ ಹೋಗಿ.

ವಿದ್ಯಾರ್ಥಿನಿಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವಳು ಮೆಲ್ಲಗೆ, "ಬಿಡಿ ಮೇಡಂ. ನಾನು ಆ ಬಾವಿಯನ್ನು ಬಿಟ್ಟು ಬರೀತೀನಿ. ಯಾರಿಗೂ ಗೊತ್ತಾಗಲ್ಲ," ಎಂದಳು. ಬೋರ್ಡಿನ ಮೇಲಿನ ಒಂದು ಸೊನ್ನೆ ತಪ್ಪಿದರೂ ಬಿಡದಿದ್ದ ಹುಡುಗಿ. ಅವಳ ಕರುಣೆ ನನಗೆ ಬೈಗುಳಕ್ಕಿಂತ ಹೆಚ್ಚು ನೋಯಿಸಿತು. ಆದರೂ ಒಂದು ಕ್ಷಣ ಬಿಟ್ಟುಬಿಡೋಣ ಅನ್ನಿಸಿದ್ದು ಸುಳ್ಳಲ್ಲ. ಒಂದು ಕ್ಷಣ ಏನು, ಹತ್ತು ದಿನ ಅನ್ನಿಸಿತು. ಬೆಳಿಗ್ಗೆ ಪತ್ರ ಬರೆಯುವುದು, ಮಧ್ಯಾಹ್ನ ಓದುವುದು, ಸಂಜೆ ಅಳಿಸುವುದು. ಹೂಳು ತೆಗೆಯುವುದು ಒಳ್ಳೆಯ ಕೆಲಸವೇ ತಾನೇ, ನನ್ನ ಅಂಕಿ ಸುಳ್ಳಾದರೇನು, ಕೆಲಸ ನಡೆಯಲಿ ಎಂದು ನನಗೆ ನಾನೇ ವಕೀಲಿ ಮಾಡಿದೆ. ಹನ್ನೊಂದನೆಯ ದಿನ ಪ್ರಬಂಧ ಅಚ್ಚಾದ ಪತ್ರಿಕೆಗೆ ಕಳಿಸಿದೆ. ಅಳೆಯುವವರು ಬದಲಾದದ್ದನ್ನು ನಾನು ಗಮನಿಸಲಿಲ್ಲ, ನೀರು ಏರಿಲ್ಲ, ಪ್ರಬಂಧವನ್ನು ಹಿಂದಕ್ಕೆ ಪಡೆಯುತ್ತೇನೆ, ತಪ್ಪು ನನ್ನೊಬ್ಬಳದೇ ಎಂದು ಆರು ಸಾಲು. ಪತ್ರಿಕೆಯಿಂದ ಎರಡು ಸಾಲಿನ ಉತ್ತರ ಬಂತು. ಹಳೆಯ ಸಹೋದ್ಯೋಗಿಯೊಬ್ಬರು ಫೋನ್ ಮಾಡಿ, "ಇರಲಾರದೆ ಇರುವೆ ಬಿಟ್ಕೊಂಡ್ರಿ," ಎಂದರು. ಆಮೇಲೆ ಅವರೂ ಮಾಡಲಿಲ್ಲ, ಬೇರೆ ಯಾರೂ ಮಾಡಲಿಲ್ಲ. ಮನೆ ಎಷ್ಟು ನಿಶ್ಶಬ್ದವಾಯಿತೆಂದರೆ, ಸ್ಟೇಷನ್ನಿನಲ್ಲಿ ರೈಲು ತಡವಾಗಿದೆ ಎಂದು ಕೂಗುವುದನ್ನು ಅಡುಗೆಮನೆಯಲ್ಲಿ ನಿಂತು ಕೊನೆಯವರೆಗೂ ಕೇಳಿಸಿಕೊಳ್ಳತೊಡಗಿದೆ.

ಅಕ್ಕನಿಗೂ ಹೇಳಬೇಕಿತ್ತು. ಊರಿನಲ್ಲಿ ಹೆಸರಾದದ್ದು ಅವರ ಬಾವಿ. ಅವರೆಕಾಯಿ ಬರುವ ಹೊತ್ತಿಗೆ ಮತ್ತೆ ಹೋದೆ. ಅವರು ಜಗಲಿಯ ಮೇಲೆ ಮೊರ ಇಟ್ಟುಕೊಂಡು ಕಾಯಿ ಸುಲಿಯುತ್ತಿದ್ದರು. ಏಳದ ಕೈಯಲ್ಲಿ ಕಾಯಿ ಒತ್ತಿಹಿಡಿದು, ಏಳುವ ಕೈಯಲ್ಲಿ ಬಿಡಿಸುವುದು. ನಾನೂ ಪಕ್ಕದಲ್ಲಿ ಕೂತು ಸುಲಿಯುತ್ತ, ನೀರು ಏರಿಲ್ಲ ಎಂದು ಬರೆದು ಕಳಿಸಿದ್ದೇನೆ, ಇನ್ನು ಯಾರಾದರೂ ಕೇಳಿದರೆ ಮೇಡಮ್ಮ ತಪ್ಪು ಮಾಡಿದ್ದರು ಎಂದು ಹೇಳಿಬಿಡಿ ಎಂದೆ.

ಅವರಿಗೆ ಅದೊಂದು ದೊಡ್ಡ ವಿಷಯವಾಗಿ ಕಾಣಲಿಲ್ಲ. "ಅಂಗಾದ್ರೆ ಇನ್ನ ಅಳೆಯೋದು ನಿಲ್ಸ್ಬೇಕಾ?" ಎಂದು ಮಾತ್ರ ಕೇಳಿದರು.

ನನಗೆ ರೇಗಿತು. "ಆ ಅಳತೆಯಿಂದ ತಾನೇ ಅಕ್ಕ ನಿಮ್ಮ ಕೈ ಹೋದದ್ದು? ಅವತ್ತೇ ಒಂದು ಮಾತು ಹೇಳಿದ್ದರೆ ನಾನು ನಿಲ್ಲಿಸಿಬಿಡುತ್ತಿದ್ದೆ."

"ಅದಕ್ಕೇ ಏಳ್ಲಿಲ್ಲ," ಎಂದರು. ಮೊರದ ಕಡೆ ನೋಡುತ್ತಲೇ ಹೇಳಿದರು. "ನಾನು ಮನೇಲಿ ಯಾರವ್ರೆ ಅಂತ ಕೇಳಿ ನಿಮ್ಗೆ ಬ್ಯಾಸರ ಮಾಡ್ದೆ. ಆಮ್ಯಾಕೆ ನೀವು ಬರೋದೇ ಬಿಟ್ರಿ. ಅಳತೆನೂ ನಿಂತ್ರೆ ಈ ಊರಾಗೆ ನಿಮ್ಗೇನೈತೆ? ಅಳತೆ ಓಗ್ತಾ ಇದ್ರೆ ಒಂದಲ್ಲಾ ಒಂದಿನ ಬತ್ತೀರಿ ಅಂತ, ಸೊಸೆಗೆ ಒಂದು ವಾರಾನೂ ಬಿಡಬ್ಯಾಡ ಅಂದೆ."

ಒಂದು ವಾರವೂ ತಪ್ಪದೆ ಅಳತೆ ಬರುತ್ತಿದ್ದುದರಿಂದಲೇ ನಾನು ಎಂಟು ವರ್ಷ ಆ ಮನೆಯ ಕಡೆ ತಲೆ ಹಾಕಿರಲಿಲ್ಲ. ಒಂದು ಗುರುವಾರ ತಪ್ಪಿದ್ದು ಕಂಡಿದ್ದರೆ ಮಾರನೆಯ ದಿನವೇ ಓಡಿ ಬರುತ್ತಿದ್ದೆ. ಪತ್ರಿಕೆಗೆ ನನ್ನ ತಪ್ಪು ಬರೆದು ಕಳಿಸಲು ಹನ್ನೊಂದು ದಿನ ಸಾಕಾಗಿತ್ತು. ಇದನ್ನು ಅಕ್ಕನಿಗೆ ಹೇಳಲು ಇವತ್ತಿನವರೆಗೂ ಆಗಿಲ್ಲ.